ಕೆಚ್ಚಲು ಬಾವು ತಡೆಗಟ್ಟುವಿಕೆ

ಕೆಚ್ಚಲು ಬಾವು ಎಂಬುದು ಹಸು, ಎಮ್ಮೆ, ಆಡು, ಕುರಿ ಮೊದಲಾದ ಹಾಲು ಕೊಡುವ ಪ್ರಾಣಿಗಳ ಕೆಚ್ಚಲಿನಲ್ಲಿ ಕಾಣಿಸಿಕೊಳ್ಳುವ ಉರಿಯೂತ. ಮೊಲೆತೊಟ್ಟಿನ ರಂಧ್ರದ ಮೂಲಕ ಒಳಹೊಕ್ಕ ಸೂಕ್ಷ್ಮಜೀವಿಗಳೇ ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ. ಜಗತ್ತಿನ ಎಲ್ಲ ಹೈನುಗಾರಿಕೆ ಪ್ರದೇಶಗಳಲ್ಲಿಯೂ ಹೆಚ್ಚು ಆರ್ಥಿಕ ನಷ್ಟವನ್ನುಂಟುಮಾಡುವ ರೋಗಗಳಲ್ಲಿ ಇದೂ ಒಂದು. ಒಮ್ಮೆ ಹಾಲು ಸ್ರವಿಸುವ ಅಂಗಾಂಶ ನಾಶವಾಗಿ ಗಟ್ಟಿಯಾದರೆ ಕೆಚ್ಚಲಿನ ಆ ಭಾಗ ಮತ್ತೆ ಮೊದಲಿನಂತೆ ಹಾಲು ಕೊಡುವುದಿಲ್ಲ. ಆದ್ದರಿಂದ ಈ ರೋಗದಲ್ಲಿ ಚಿಕಿತ್ಸೆಗಿಂತ ತಡೆಗಟ್ಟುವಿಕೆಗೆ ಹೆಚ್ಚಿನ ಮಹತ್ವವಿದೆ. ಈ ಲೇಖನವು ತಡೆಗಟ್ಟುವ ಕ್ರಮಗಳನ್ನು, ಅವುಗಳ ಹಿಂದಿನ ಕಾರಣಗಳನ್ನು ಹಾಗೂ ಕೊಪ್ಪಳ ಜಿಲ್ಲೆಯ ಕುಷ್ಟಗಿಯಂತಹ ಒಣಬೇಸಾಯದ ಪ್ರದೇಶಗಳಲ್ಲಿ ಅವುಗಳ ಅನ್ವಯವನ್ನು ವಿವರಿಸುತ್ತದೆ.

ಕೆಚ್ಚಲಿನ ರಚನೆ ಮತ್ತು ಸಹಜ ರಕ್ಷಣೆ

ಹಸು ಮತ್ತು ಎಮ್ಮೆಗಳ ಕೆಚ್ಚಲು ನಾಲ್ಕು ಭಾಗಗಳಿಂದ ಕೂಡಿದೆ. ಪ್ರತಿಯೊಂದು ಭಾಗಕ್ಕೂ ಪ್ರತ್ಯೇಕ ಹಾಲಿನ ಗ್ರಂಥಿ, ಪ್ರತ್ಯೇಕ ಮೊಲೆತೊಟ್ಟು ಇರುತ್ತದೆ. ಒಂದು ಭಾಗದ ಹಾಲು ಇನ್ನೊಂದು ಭಾಗಕ್ಕೆ ಹರಿಯುವುದಿಲ್ಲ. ಈ ಕಾರಣದಿಂದಲೇ ಒಂದು ಮೊಲೆಯಲ್ಲಿ ಬಾವು ಇದ್ದಾಗಲೂ ಉಳಿದ ಮೂರರಲ್ಲಿ ಆರೋಗ್ಯಕರ ಹಾಲು ದೊರೆಯಬಹುದು. ಆದರೆ ಹಾಲು ಕರೆಯುವವರ ಕೈ, ಒರೆಸುವ ಬಟ್ಟೆ, ನೊಣ ಅಥವಾ ಕರುವಿನ ಬಾಯಿಯ ಮೂಲಕ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಮೊಲೆತೊಟ್ಟಿನ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರಿದಾದ ನಾಳವಿದೆ. ಅದರ ಸುತ್ತಲಿನ ಬಿಗಿಯುವ ಸ್ನಾಯು ಹಾಲು ಕರೆಯದ ಸಮಯದಲ್ಲಿ ನಾಳವನ್ನು ಮುಚ್ಚಿರುತ್ತದೆ. ನಾಳದ ಒಳಗೋಡೆಯಲ್ಲಿರುವ ಕೆರಾಟಿನ್ ಎಂಬ ಮೇಣದಂತಹ ವಸ್ತು ಸೂಕ್ಷ್ಮಜೀವಿಗಳನ್ನು ಹಿಡಿದಿಟ್ಟು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಇವೆರಡನ್ನೂ ದಾಟಿದ ಸೂಕ್ಷ್ಮಜೀವಿಗಳನ್ನು ರಕ್ತದಿಂದ ಹಾಲಿಗೆ ಬರುವ ಬಿಳಿ ರಕ್ತಕಣಗಳು ಎದುರಿಸುತ್ತವೆ.

ಹಾಲು ಕರೆದ ನಂತರ ಈ ನಾಳ ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಅದು ಪೂರ್ತಿಯಾಗಿ ಬಿಗಿಯಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬೇಕಾಗಬಹುದು. ಈ ಅವಧಿಯಲ್ಲಿ ಪ್ರಾಣಿ ಸಗಣಿ, ಗಂಜಲದ ಮೇಲೆ ಮಲಗಿದರೆ ಸೋಂಕಿಗೆ ದಾರಿಯಾಗುತ್ತದೆ. ಹಾಲು ಕರೆದೊಡನೆ ಹಸಿಮೇವು ಅಥವಾ ಕಣಿಕೆಯನ್ನು ಹಾಕಿ ಪ್ರಾಣಿಯನ್ನು ನಿಂತಿರುವಂತೆ ನೋಡಿಕೊಳ್ಳಬೇಕು ಎಂಬ ಸಲಹೆಗೆ ಇದೇ ಆಧಾರ.

ಎಮ್ಮೆಗಳಲ್ಲಿ ಮೊಲೆತೊಟ್ಟಿನ ಬಿಗಿಯುವ ಸ್ನಾಯು ಹಸುಗಳಿಗಿಂತ ಬಲವಾಗಿದ್ದು, ಸೋಂಕಿಗೆ ಸ್ವಲ್ಪ ಹೆಚ್ಚಿನ ತಡೆಯನ್ನು ಒಡ್ಡುತ್ತದೆ. ಆದರೆ ಎಮ್ಮೆಯ ಹಾಲು ಕೆಚ್ಚಲಿನ ಮೇಲ್ಭಾಗದ ಸೂಕ್ಷ್ಮಕೋಶಗಳಲ್ಲಿಯೇ ಹೆಚ್ಚಾಗಿ ಸಂಗ್ರಹವಾಗಿರುತ್ತದೆ. ಸೊರೆ ಬಿಡುವ ಮೊದಲೇ ಬಲವಂತವಾಗಿ ಹಿಂಡಿದರೆ ಮೊಲೆತೊಟ್ಟಿಗೆ ಗಾಯವಾಗುತ್ತದೆ.

ರೋಗಕಾರಕಗಳು

ಕೆಚ್ಚಲು ಬಾವಿಗೆ ಕಾರಣವಾಗುವ ಸೂಕ್ಷ್ಮಜೀವಿಗಳು ಹಲವು. ಅವುಗಳ ನೆಲೆ ಮತ್ತು ಹರಡುವ ರೀತಿಯನ್ನು ಆಧರಿಸಿ ಎರಡು ಮುಖ್ಯ ಗುಂಪುಗಳನ್ನಾಗಿ ವಿಂಗಡಿಸಲಾಗಿದೆ.

ಸಾಂಕ್ರಾಮಿಕ ಗುಂಪು: ಸ್ಟಾಫಿಲೋಕಾಕಸ್ ಆರಿಯಸ್, ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ ಮತ್ತು ಮೈಕೋಪ್ಲಾಸ್ಮಾ ಜಾತಿಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಮುಖ್ಯ ನೆಲೆ ಸೋಂಕಿತ ಕೆಚ್ಚಲು. ಹಾಲು ಕರೆಯುವ ವೇಳೆಯಲ್ಲಿಯೇ ಕೈ, ಬಟ್ಟೆ ಹಾಗೂ ಯಂತ್ರದ ಬಟ್ಟಲುಗಳ ಮೂಲಕ ಇವು ಹರಡುತ್ತವೆ.

ಪರಿಸರಜನ್ಯ ಗುಂಪು: ಎಶ್ಚರಿಚಿಯಾ ಕೋಲಿ, ಕ್ಲೆಬ್ಸಿಯೆಲ್ಲಾ ಮತ್ತು ಸ್ಟ್ರೆಪ್ಟೋಕಾಕಸ್ ಯೂಬೆರಿಸ್ ಇದರಲ್ಲಿ ಪ್ರಮುಖವಾದವು. ಇವು ಸಗಣಿ, ಕೆಸರು, ನೆನೆದ ಹಾಸು ಮತ್ತು ನಿಂತ ನೀರಿನಲ್ಲಿ ವಾಸಿಸುತ್ತವೆ. ಎರಡು ಹೊತ್ತಿನ ಹಾಲು ಕರೆಯುವಿಕೆಯ ನಡುವಿನ ಅವಧಿಯಲ್ಲಿ ಇವು ಕೆಚ್ಚಲನ್ನು ಸೇರುತ್ತವೆ.

ತಡೆಗಟ್ಟುವ ಕ್ರಮಗಳನ್ನು ನಿರ್ಧರಿಸಲು ಈ ವಿಂಗಡಣೆ ಅಗತ್ಯ. ಮೊದಲನೆಯ ಗುಂಪನ್ನು ಹಾಲು ಕರೆಯುವ ಕ್ರಮದ ಶುಚಿತ್ವದಿಂದ ಹತೋಟಿಗೆ ತರಬಹುದು. ಎರಡನೆಯ ಗುಂಪಿಗೆ ಕೊಟ್ಟಿಗೆಯ ಶುಚಿತ್ವವೇ ಮುಖ್ಯ. ಒಂದನ್ನು ಪಾಲಿಸಿ ಇನ್ನೊಂದನ್ನು ಬಿಟ್ಟರೆ ರೋಗ ಮರುಕಳಿಸುತ್ತದೆ.

ರೋಗದ ಬಗೆಗಳು

ಗೋಚರ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿರುತ್ತದೆ. ನೋವಿನಿಂದ ಪ್ರಾಣಿ ಕಾಲು ಝಾಡಿಸುತ್ತದೆ, ಕರುವನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಲಿನಲ್ಲಿ ಗರಣೆ, ಕೀವು ಅಥವಾ ರಕ್ತ ಕಾಣಿಸುತ್ತದೆ. ಕೆಲವೊಮ್ಮೆ ಹಾಲು ನೀರಿನಂತಾಗುತ್ತದೆ. ತೀವ್ರ ಹಂತದಲ್ಲಿ ಜ್ವರ ಬಂದು ಪ್ರಾಣಿ ಮೇವು ಬಿಡುತ್ತದೆ. ಕೋಲಿ ಗುಂಪಿನ ಸೋಂಕಿನಲ್ಲಿ ವಿಷವು ರಕ್ತಕ್ಕೆ ಸೇರಿ ಒಂದೆರಡು ದಿನಗಳಲ್ಲಿಯೇ ಸಾವು ಸಂಭವಿಸಬಹುದು.

ಸುಪ್ತ ಕೆಚ್ಚಲು ಬಾವಿನಲ್ಲಿ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಲು ನೋಡಲು ಸಹಜವಾಗಿರುತ್ತದೆ, ಇಳುವರಿ ಮಾತ್ರ ನಿಧಾನವಾಗಿ ಕುಗ್ಗುತ್ತದೆ. ಮೇವು ಸಾಲದೆಂದೋ ಬಿಸಿಲು ಹೆಚ್ಚಾಯಿತೆಂದೋ ಸಾಕಣೆದಾರರು ಭಾವಿಸುವುದರಿಂದ ರೋಗವು ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಉಳಿಯಬಹುದು. ಸುಪ್ತ ಬಾವು ಗೋಚರ ಬಾವಿಗಿಂತ ಅನೇಕ ಪಟ್ಟು ಹೆಚ್ಚು ಪ್ರಾಣಿಗಳಲ್ಲಿ ಕಂಡುಬರುತ್ತದೆ ಮತ್ತು ಈ ರೋಗದ ಒಟ್ಟು ನಷ್ಟದ ಬಹುಪಾಲು ಇದರಿಂದಲೇ ಆಗುತ್ತದೆ. ಇಂತಹ ಪ್ರಾಣಿ ಇತರ ಪ್ರಾಣಿಗಳಿಗೆ ಸೋಂಕಿನ ಮೂಲವೂ ಆಗಿರುತ್ತದೆ.

ದೀರ್ಘಕಾಲಿಕ ಕೆಚ್ಚಲು ಬಾವಿನಲ್ಲಿ ಹಾಲಿನ ಅಂಗಾಂಶದ ಜಾಗದಲ್ಲಿ ನಾರಿನ ಅಂಗಾಂಶ ಬೆಳೆದು ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ಭಾಗದ ಹಾಲು ನಿಂತುಹೋಗುತ್ತದೆ. ಮೂರು ಮೊಲೆಯ ಎಮ್ಮೆಗೆ ಸಂತೆಯಲ್ಲಿ ಬೆಲೆ ತೀರ ಕಡಿಮೆ.

ರೋಗ ಪತ್ತೆ

ತಡೆಗಟ್ಟುವಿಕೆಯ ಮೊದಲ ಹೆಜ್ಜೆ ಸುಪ್ತ ಬಾವನ್ನು ಗುರುತಿಸುವುದು. ಅದಕ್ಕೆ ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಹೀಗಿವೆ.

ಮೊದಲ ಹಾಲಿನ ಪರೀಕ್ಷೆ: ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಿದರೆ ಸಣ್ಣ ಗರಣೆಗಳೂ ಕಾಣುತ್ತವೆ. ಈ ಹಾಲನ್ನು ನೆಲಕ್ಕೆ ಅಥವಾ ಅಂಗೈಗೆ ಹಿಂಡಬಾರದು.

ಕ್ಯಾಲಿಫೋರ್ನಿಯಾ ಪರೀಕ್ಷೆ: ಅಮೆರಿಕದ ಶಾಲ್ಮ್ ಮತ್ತು ನೂರ್ಲ್ಯಾಂಡರ್ 1957ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ನಾಲ್ಕು ಕುಳಿಗಳಿರುವ ತಟ್ಟೆಯಲ್ಲಿ ಪ್ರತಿ ಮೊಲೆಯ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣವನ್ನು ಸೇರಿಸಿ ಮೆಲ್ಲಗೆ ತಿರುಗಿಸಲಾಗುತ್ತದೆ. ದ್ರಾವಣದಲ್ಲಿರುವ ಮಾರ್ಜಕವು ಹಾಲಿನಲ್ಲಿರುವ ಜೀವಕೋಶಗಳನ್ನು ಒಡೆಯುತ್ತದೆ. ಹೊರಬಂದ ಡಿಎನ್‌ಎ ಅಂಟಿನಂತಾಗುತ್ತದೆ. ಅಂಟು ಗಟ್ಟಿಯಾದಷ್ಟೂ ಬಾವು ತೀವ್ರವೆಂದು ತಿಳಿಯಬೇಕು.

ಬಟ್ಟೆ ಸೋಪಿನ ಪುಡಿಯ ಪರೀಕ್ಷೆ: ಮೇಲಿನ ಪರೀಕ್ಷೆಯ ತತ್ತ್ವವನ್ನೇ ಬಳಸುವ ಅಗ್ಗದ ವಿಧಾನ. ಅರ್ಧ ಲೀಟರ್ ನೀರಿಗೆ ಸುಮಾರು 15 ಗ್ರಾಂ ಬಟ್ಟೆ ತೊಳೆಯುವ ಪುಡಿಯನ್ನು ಕರಗಿಸಿದ ಶೇ. 3ರ ದ್ರಾವಣವನ್ನು ಸಮಪ್ರಮಾಣದ ಹಾಲಿಗೆ ಸೇರಿಸಿ ತಿರುಗಿಸಬೇಕು. ಲೋಳೆ ಕಾಣಿಸಿಕೊಂಡರೆ ಸೋಂಕು ಇರುವ ಸಾಧ್ಯತೆಯಿದೆ. ಪರೀಕ್ಷಿಸಿದ ಹಾಲನ್ನು ಚೆಲ್ಲಬೇಕು. ಕರು ಹಾಕಿದ ಮೊದಲ ಕೆಲವು ದಿನಗಳ ಗಿಣ್ಣದ ಹಾಲಿನಲ್ಲಿ ಹಾಗೂ ಹಾಲು ಬತ್ತುವ ಹಂತದಲ್ಲಿ ಜೀವಕೋಶಗಳು ಸಹಜವಾಗಿಯೇ ಹೆಚ್ಚಿರುವುದರಿಂದ ಆಗ ಈ ಎರಡೂ ಪರೀಕ್ಷೆಗಳ ಫಲಿತಾಂಶವನ್ನು ನೆಚ್ಚಲಾಗದು.

ಕಾಯಕೋಶಗಳ ಎಣಿಕೆ: ಪ್ರಯೋಗಾಲಯದಲ್ಲಿ ಒಂದು ಮಿಲಿಲೀಟರ್ ಹಾಲಿನಲ್ಲಿರುವ ಜೀವಕೋಶಗಳನ್ನು ಎಣಿಸಲಾಗುತ್ತದೆ. ಆರೋಗ್ಯವಂತ ಹಸುವಿನ ಹಾಲಿನಲ್ಲಿ ಇದು ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ. 2 ಲಕ್ಷವನ್ನು ಮೀರಿದರೆ ಸುಪ್ತ ಬಾವು ಇದೆಯೆಂದು ಪರಿಗಣಿಸುವುದು ವಾಡಿಕೆ. ಐರೋಪ್ಯ ಒಕ್ಕೂಟದಲ್ಲಿ ಹಸುವಿನ ಹಸಿ ಹಾಲಿಗೆ 4 ಲಕ್ಷದ ಮಿತಿಯಿದೆ.

ಬಾವು ಇರುವ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೇಸೀನ್ ಕಡಿಮೆಯಾಗಿ, ಸೋಡಿಯಂ ಮತ್ತು ಕ್ಲೋರೈಡ್ ಹೆಚ್ಚುತ್ತವೆ. ಹಾಲು ತುಸು ಉಪ್ಪಾಗುವುದಕ್ಕೆ, ಅದರ ವಿದ್ಯುತ್ ವಾಹಕತೆ ಏರುವುದಕ್ಕೆ ಇದೇ ಕಾರಣ.

ತಡೆಗಟ್ಟುವ ಕ್ರಮಗಳು

ಕೊಟ್ಟಿಗೆಯ ನಿರ್ವಹಣೆ

ಕೊಟ್ಟಿಗೆಯ ನೆಲ ಒಣಗಿರುವುದು ಎಲ್ಲಕ್ಕಿಂತ ಮುಖ್ಯ. ನೆಲಕ್ಕೆ ಸ್ವಲ್ಪ ಇಳಿಜಾರು ಇದ್ದು ಗಂಜಲ ಕಾಲುವೆಗೆ ಹರಿದುಹೋಗುವಂತಿರಬೇಕು. ಸಗಣಿಯನ್ನು ದಿನಕ್ಕೆ ಎರಡು ಬಾರಿಯಾದರೂ ತೆಗೆಯಬೇಕು. ತಿಪ್ಪೆ ಕೊಟ್ಟಿಗೆಯಿಂದ ದೂರವಿರಬೇಕು. ಕಲ್ಲುಚಪ್ಪಡಿ ಅಥವಾ ಸಿಮೆಂಟು ಹಾಕಲಾಗದ ಕಡೆ ಗರಸು ಹಾಕಿ ದಮ್ಮಸು ಮಾಡಿದ ನೆಲವೂ ಸಾಕು, ಆದರೆ ತಗ್ಗುಗಳನ್ನು ಆಗಾಗ ತುಂಬಿಸಬೇಕು. ನೆಲದ ಮೇಲೆ ವಾರಕ್ಕೊಮ್ಮೆ ಸುಣ್ಣದ ಪುಡಿಯನ್ನು ತೆಳುವಾಗಿ ಎರಚುವುದರಿಂದ ತೇವ ಮತ್ತು ಸೂಕ್ಷ್ಮಜೀವಿಗಳು ಕಡಿಮೆಯಾಗುತ್ತವೆ. ಹಾಸಿಗೆಗೆ ಬಳಸುವ ಹೊಟ್ಟು, ಹುಲ್ಲು ಒಣಗಿರಬೇಕು, ಬೂಷ್ಟು ಹಿಡಿದಿರಬಾರದು.

ಹಾಲು ಕರೆಯುವ ಕ್ರಮ

ಹಾಲು ಕರೆಯುವವರು ಉಗುರು ಕತ್ತರಿಸಿಕೊಂಡು, ಕೈಗಳನ್ನು ಸೋಪಿನಿಂದ ತೊಳೆದಿರಬೇಕು. ಕೈಯಲ್ಲಿ ಹುಣ್ಣು ಅಥವಾ ಕೀವಿನ ಗಾಯವಿದ್ದವರು ಹಾಲು ಕರೆಯಬಾರದು. ನಂತರದ ಹಂತಗಳು ಹೀಗಿವೆ:

1. ಮೊಲೆತೊಟ್ಟುಗಳನ್ನು ಶುದ್ಧ ನೀರಿನಿಂದ ಅಥವಾ ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರಮಾಂಗನೇಟ್ ದ್ರಾವಣದಿಂದ ತೊಳೆಯುವುದು. ಇಡೀ ಕೆಚ್ಚಲಿಗೆ ನೀರು ಸುರಿಯಬಾರದು. ಮೇಲಿನ ಕೊಳೆನೀರು ಮೊಲೆತೊಟ್ಟಿನ ತುದಿಗೆ ಇಳಿಯುತ್ತದೆ.
2. ಸ್ವಚ್ಛ ಒಣ ಬಟ್ಟೆಯಿಂದ ಒರೆಸುವುದು. ಪ್ರತಿ ಪ್ರಾಣಿಗೂ ಬೇರೆ ಬಟ್ಟೆ ಬಳಸಬೇಕು. ಒಂದೇ ಬಟ್ಟೆಯಿಂದ ಎಲ್ಲ ದನಗಳನ್ನು ಒರೆಸಿದರೆ ಸೋಂಕನ್ನು ಹಂಚಿದಂತಾಗುತ್ತದೆ.
3. ಮೊದಲ ಧಾರೆಗಳನ್ನು ಬಟ್ಟಲಿಗೆ ಹಿಂಡಿ ಪರೀಕ್ಷಿಸುವುದು.
4. ಐದರಿಂದ ಏಳು ನಿಮಿಷಗಳಲ್ಲಿ, ಇಡೀ ಅಂಗೈಯಿಂದ ಹಿಡಿದು, ಪೂರ್ತಿಯಾಗಿ ಹಾಲು ಕರೆಯುವುದು. ಹೆಬ್ಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಒತ್ತುವ ಪದ್ಧತಿ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಇದರಿಂದ ಮೊಲೆತೊಟ್ಟಿನ ಒಳಪದರಕ್ಕೆ ಪೆಟ್ಟಾಗುತ್ತದೆ.
5. ಹಾಲು ಕರೆದ ಕೂಡಲೇ ಪ್ರತಿ ಮೊಲೆತೊಟ್ಟನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದುವುದು.
6. ಮೇವು ಹಾಕಿ, ಪ್ರಾಣಿಯನ್ನು ಕನಿಷ್ಠ ಅರ್ಧ ಗಂಟೆ ನಿಲ್ಲಿಸುವುದು.

ಬೆರಳುಗಳನ್ನು ಹಾಲಿನಲ್ಲಿ ಅದ್ದಿಕೊಂಡು ಹಿಂಡುವ ರೂಢಿಯಿಂದ ಒಂದು ಮೊಲೆಯ ಸೋಂಕು ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಒಣ ಕೈಯಿಂದ ಹಿಂಡುವುದೇ ಸೂಕ್ತ. ಹಾಲಿನ ಧಾರೆ ಕಟ್ಟಿದಾಗ ಮೊಲೆತೊಟ್ಟಿನ ರಂಧ್ರಕ್ಕೆ ಕಡ್ಡಿ, ಸೂಜಿ ಮುಂತಾದವನ್ನು ತೂರಿಸಬಾರದು. ಸಹಜ ರಕ್ಷಣೆಯನ್ನು ಒಡೆದು ಸೂಕ್ಷ್ಮಜೀವಿಗಳನ್ನು ನೇರವಾಗಿ ಒಳಗೆ ತಳ್ಳುವ ಕ್ರಿಯೆಯದು.

ಮನೆಯಲ್ಲಿ ಹಲವು ದನಗಳಿದ್ದರೆ ಮೊದಲ ಸೂಲಿನ ಆರೋಗ್ಯವಂತ ಪ್ರಾಣಿಗಳನ್ನು ಮೊದಲು, ಹಳೆಯವನ್ನು ನಂತರ, ಬಾವು ಇರುವುದನ್ನು ಕಟ್ಟಕಡೆಗೆ ಕರೆಯಬೇಕು. ಒಂದೇ ಪ್ರಾಣಿಯಲ್ಲಿಯೂ ಬಾವಿರುವ ಮೊಲೆಯನ್ನು ಕೊನೆಗೆ ಹಿಂಡಬೇಕು.

ಮೊಲೆತೊಟ್ಟು ಅದ್ದುವಿಕೆ

ಹಾಲು ಕರೆದ ನಂತರ ಮೊಲೆತೊಟ್ಟುಗಳನ್ನು ಕ್ರಿಮಿನಾಶಕದಲ್ಲಿ ಅದ್ದುವುದು ಸಾಂಕ್ರಾಮಿಕ ಗುಂಪಿನ ಸೋಂಕನ್ನು ತಡೆಯುವ ಅತ್ಯಂತ ಪರಿಣಾಮಕಾರಿ ಏಕೈಕ ಕ್ರಮವೆಂದು ಪರಿಗಣಿತವಾಗಿದೆ. ಇದಕ್ಕೆ ಶೇ. 0.5ರಷ್ಟು ಅಯೋಡಿನ್ ಇರುವ ದ್ರಾವಣವನ್ನು ಸಾಮಾನ್ಯವಾಗಿ ಬಳಸುತ್ತಾರೆ. ಚರ್ಮ ಬಿರಿಯದಂತೆ ಅದಕ್ಕೆ ಗ್ಲಿಸರಿನ್ ಸೇರಿಸಲಾಗಿರುತ್ತದೆ. ಸಣ್ಣ ಬಟ್ಟಲಿನಲ್ಲಿ ದ್ರಾವಣ ತೆಗೆದುಕೊಂಡು ಮೊಲೆತೊಟ್ಟಿನ ಬಹುಭಾಗ ಮುಳುಗುವಂತೆ ಕೆಲವು ಸೆಕೆಂಡು ಅದ್ದಿದರೆ ಸಾಕು. ಉಳಿದ ದ್ರಾವಣವನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಸಗಣಿ ಬಿದ್ದು ಕಲುಷಿತವಾದದ್ದನ್ನು ಚೆಲ್ಲಬೇಕು.

ಕರು ಬಿಟ್ಟು ಹಾಲು ಕರೆಯುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಅದ್ದಿದ ಬಳಿಕ ಕರು ಕುಡಿದರೆ ಔಷಧ ಅದರ ಬಾಯಿಗೆ ಹೋಗುವುದಿಲ್ಲವೇ? ಕರು ಉಳಿದ ಹಾಲನ್ನು ಕುಡಿದು ಮುಗಿಸಿ, ಅದನ್ನು ಬೇರೆ ಕಟ್ಟಿದ ಮೇಲೆ ಅದ್ದುವುದೇ ಇದಕ್ಕೆ ಪರಿಹಾರ. ಬಾವಿರುವ ಮೊಲೆಯನ್ನು ಕರುವಿಗೆ ಕುಡಿಸಬಾರದು.

ಹಾಲು ಬತ್ತಿಸುವ ಅವಧಿಯ ಆರೈಕೆ

ಗಬ್ಬದ ಪ್ರಾಣಿಯ ಹಾಲನ್ನು ಕರು ಹಾಕುವ ಸುಮಾರು 60 ದಿನಗಳ ಮೊದಲು ನಿಲ್ಲಿಸಲಾಗುತ್ತದೆ. ಹಾಲು ಬತ್ತಿಸಿದ ಮೊದಲ ಎರಡು ವಾರ ಮತ್ತು ಕರು ಹಾಕುವ ಹಿಂದು ಮುಂದಿನ ವಾರಗಳು ಹೊಸ ಸೋಂಕಿಗೆ ಅತ್ಯಂತ ಅಪಾಯದ ಕಾಲ. ಹಾಲು ಬರುತ್ತಿಲ್ಲವೆಂದು ಈ ದಿನಗಳಲ್ಲಿ ಕೆಚ್ಚಲಿನ ಕಡೆಗೆ ಗಮನ ಕಡಿಮೆಯಾಗುವುದುಂಟು. ಕೊನೆಯ ಬಾರಿ ಹಾಲನ್ನು ಪೂರ್ತಿಯಾಗಿ ಹಿಂಡಿದ ಬಳಿಕ, ಪಶುವೈದ್ಯರ ಸಲಹೆಯಂತೆ ಪ್ರತಿ ಮೊಲೆಗೂ ದೀರ್ಘಕಾಲ ಉಳಿಯುವ ಪ್ರತಿಜೀವಕ ಮುಲಾಮನ್ನು ಏರಿಸುವ ಪದ್ಧತಿಯಿದೆ. ಬಿಸ್ಮತ್ ಸಬ್‌ನೈಟ್ರೇಟ್‌ನಿಂದ ತಯಾರಿಸಿದ ಮುಚ್ಚಳದಂತಹ ಲೇಪವನ್ನು ಏರಿಸಿ ನಾಳವನ್ನು ಮುಚ್ಚುವ ಕ್ರಮವೂ ಬಳಕೆಯಲ್ಲಿದೆ. ಎಲ್ಲ ಪ್ರಾಣಿಗಳಿಗೂ ಪ್ರತಿಜೀವಕ ನೀಡುವ ಬದಲು ಪರೀಕ್ಷೆಯಲ್ಲಿ ಸೋಂಕು ಕಂಡುಬಂದವಕ್ಕೆ ಮಾತ್ರ ನೀಡುವ ಕ್ರಮ ಇತ್ತೀಚೆಗೆ ಪ್ರಾಮುಖ್ಯ ಪಡೆಯುತ್ತಿದೆ. ಐರೋಪ್ಯ ಒಕ್ಕೂಟವು 2022ರ ಜನವರಿ 28ರಿಂದ ಪ್ರಾಣಿಗಳಲ್ಲಿ ಮುಂಜಾಗ್ರತೆಗಾಗಿ ಪ್ರತಿಜೀವಕಗಳನ್ನು ವಾಡಿಕೆಯಾಗಿ ಬಳಸುವುದನ್ನು ನಿಷೇಧಿಸಿದೆ.

ಆಹಾರ ಮತ್ತು ರೋಗನಿರೋಧಕ ಶಕ್ತಿ

ವಿಟಮಿನ್ ಇ, ಸೆಲೆನಿಯಂ, ಸತು ಮತ್ತು ತಾಮ್ರಗಳ ಕೊರತೆಯಿರುವ ಪ್ರಾಣಿಗಳಲ್ಲಿ ಬಿಳಿ ರಕ್ತಕಣಗಳ ಶಕ್ತಿ ಕುಗ್ಗುತ್ತದೆ. ವಿಟಮಿನ್ ಇ ಹಸಿಮೇವಿನಲ್ಲಿ ಹೇರಳವಾಗಿದ್ದು ಒಣಮೇವಿನಲ್ಲಿ ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ಕೇವಲ ಕಣಿಕೆ, ಹೊಟ್ಟಿನ ಮೇಲೆ ಬದುಕುವ ದನಗಳಿಗೆ ಖನಿಜ ಮಿಶ್ರಣವನ್ನು ದಾಣಿಯೊಂದಿಗೆ ನೀಡುವುದು ಅಗತ್ಯ.

ಇತರ ರೋಗಗಳ ಲಸಿಕೆ

ಕಾಲುಬಾಯಿ ರೋಗದಲ್ಲಿ ಮೊಲೆತೊಟ್ಟಿನ ಮೇಲೆ ಗುಳ್ಳೆಗಳೆದ್ದು ಒಡೆಯುತ್ತವೆ. ಚರ್ಮಗಂಟು ರೋಗದಲ್ಲಿಯೂ ಕೆಚ್ಚಲಿನ ಮೇಲೆ ಗಂಟುಗಳಾಗುತ್ತವೆ. ಇವೆರಡೂ ಕೆಚ್ಚಲು ಬಾವಿಗೆ ಎಡೆಮಾಡಿಕೊಡುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಕಾಲುಬಾಯಿ ರೋಗಕ್ಕೆ ಉಚಿತ ಲಸಿಕೆ ಹಾಕಲಾಗುತ್ತಿದೆ. ಕೆಚ್ಚಲು ಬಾವಿಗೇ ಸಂಬಂಧಿಸಿದ ಲಸಿಕೆಗಳು ಕೆಲವು ದೇಶಗಳಲ್ಲಿ ಬಳಕೆಯಲ್ಲಿವೆ. ರೋಗಕಾರಕಗಳು ಹಲವಾರಾಗಿರುವುದರಿಂದ ಎಲ್ಲವನ್ನೂ ತಡೆಯುವ ಲಸಿಕೆ ಇಲ್ಲ, ಲಸಿಕೆಯು ಶುಚಿತ್ವಕ್ಕೆ ಪರ್ಯಾಯವೂ ಅಲ್ಲ.

ಕುಷ್ಟಗಿ ಮತ್ತು ಕೊಪ್ಪಳ ಜಿಲ್ಲೆಯಲ್ಲಿ

ಕುಷ್ಟಗಿ ತಾಲೂಕು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಗೆ ಸೇರಿದೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಇದು ಕರ್ನಾಟಕದ ಉತ್ತರ ಒಣ ವಲಯದಲ್ಲಿ ಬರುತ್ತದೆ. ಜಿಲ್ಲೆಯ ಗಂಗಾವತಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಇದ್ದು ಭತ್ತ ಬೆಳೆಯಲಾಗುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳು ಬಹುತೇಕ ಮಳೆಯನ್ನೇ ಅವಲಂಬಿಸಿವೆ. ಜೋಳ, ಸಜ್ಜೆ, ಕಡಲೆ, ಶೇಂಗಾ ಇಲ್ಲಿನ ಪ್ರಮುಖ ಬೆಳೆಗಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಣ್ಣ ಹಿಡುವಳಿದಾರರಿಗೆ ಹಾಲಿನ ಹಣವೇ ಮನೆಖರ್ಚಿನ ಆಧಾರವಾಗುತ್ತದೆ. ಒಂದೆರಡು ಎಮ್ಮೆಗಳಿರುವ ಕುಟುಂಬದಲ್ಲಿ ಒಂದು ಮೊಲೆ ಬತ್ತಿದರೂ ಆದಾಯದ ಗಣನೀಯ ಭಾಗ ಕೈತಪ್ಪುತ್ತದೆ.

ಈ ಪ್ರದೇಶದ ಕೆಲವು ಪರಿಸ್ಥಿತಿಗಳು ತಡೆಗಟ್ಟುವಿಕೆಯ ದೃಷ್ಟಿಯಿಂದ ಗಮನಾರ್ಹವಾಗಿವೆ.

ಎರೆ ನೆಲದ ಕೆಸರು: ಕಪ್ಪು ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ದನ ಕಟ್ಟುವ ಜಾಗ ಬೇಗ ಕೆಸರಾಗುತ್ತದೆ. ಪರಿಸರಜನ್ಯ ಸೋಂಕಿಗೆ ಇದು ಅನುಕೂಲಕರ. ಮಸಾರಿ ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಎರೆ ನೆಲದ ಊರುಗಳಲ್ಲಿ ಕೊಟ್ಟಿಗೆಯ ನೆಲವನ್ನು ಎತ್ತರಿಸಿ ಗರಸು ಹಾಕುವುದು ಕಡಿಮೆ ಖರ್ಚಿನ ಪರಿಹಾರ.

ನೀರಿನ ಕೊರತೆ: ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಅಭಾವವಿರುವಾಗ ಕೆಚ್ಚಲು ತೊಳೆಯಲು ಧಾರಾಳ ನೀರು ಸಿಗದು. ಕೆಚ್ಚಲು ಈಗಾಗಲೇ ಒಣಗಿ ಸ್ವಚ್ಛವಾಗಿದ್ದರೆ ಮೊಲೆತೊಟ್ಟುಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ. ಕಡಿಮೆ ನೀರಿನಲ್ಲಿ ಅರೆಬರೆ ತೊಳೆದು ಹಸಿಯಾಗಿಯೇ ಹಿಂಡುವುದು ತೊಳೆಯದೆ ಇರುವುದಕ್ಕಿಂತ ಹಾನಿಕರ.

ಎಮ್ಮೆಗಳ ನೀರಾಟ: ಬಿಸಿಲಿನ ತಾಪ ತಡೆಯಲು ಎಮ್ಮೆಗಳು ಕೆರೆ, ಹೊಂಡಗಳಲ್ಲಿ ಮಲಗುತ್ತವೆ. ಇದು ಅವುಗಳ ದೇಹಧರ್ಮಕ್ಕೆ ಅಗತ್ಯವಾದರೂ ಬೇಸಿಗೆಯ ಕೊನೆಯಲ್ಲಿ ಉಳಿಯುವ ರಾಡಿ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿರುತ್ತವೆ. ಹಾಲು ಕರೆದು ಒಂದೆರಡು ಗಂಟೆ ಕಳೆಯುವ ಮೊದಲು ಎಮ್ಮೆಯನ್ನು ಹೊಂಡಕ್ಕೆ ಬಿಡಬಾರದು.

ಮುಳ್ಳುಗಂಟಿ: ಜಾಲಿ ಮತ್ತು ಬಳ್ಳಾರಿಜಾಲಿ ಬೆಳೆದ ಕಡೆ ಮೇಯುವ ದನಗಳಿಗೆ, ಮುಖ್ಯವಾಗಿ ಜೋತಾಡುವ ಕೆಚ್ಚಲಿನ ಮಿಶ್ರತಳಿ ಹಸುಗಳಿಗೆ, ಮೊಲೆತೊಟ್ಟಿನ ಗಾಯಗಳು ಸಾಮಾನ್ಯ. ಸಂಜೆ ಮನೆಗೆ ಬಂದಾಗ ಕೆಚ್ಚಲನ್ನು ಪರಿಶೀಲಿಸಿ ಗಾಯವಿದ್ದರೆ ಅಯೋಡಿನ್ ಹಚ್ಚಬೇಕು. ಹೋಲ್‌ಸ್ಟೀನ್ ಫ್ರೀಸಿಯನ್, ಜರ್ಸಿ ಮಿಶ್ರತಳಿಗಳು ಅಧಿಕ ಇಳುವರಿಯ ಕಾರಣದಿಂದ ಸ್ಥಳೀಯ ಜವಾರಿ ಹಸುಗಳಿಗಿಂತ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ.

ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಯಚೂರು, ಬಳ್ಳಾರಿ, ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿವೆ. ಇದು 'ರಾಬಕೊವಿ' ಎಂಬ ಹ್ರಸ್ವನಾಮದಿಂದ ಪರಿಚಿತ. ಸಂಘಗಳಲ್ಲಿ ಹಾಲಿನ ಬೆಲೆ ಕೊಬ್ಬು ಮತ್ತು ಕೊಬ್ಬುರಹಿತ ಘನಾಂಶಗಳ ಮೇಲೆ ನಿರ್ಧಾರವಾಗುತ್ತದೆ. ಸುಪ್ತ ಬಾವಿನಿಂದ ಲ್ಯಾಕ್ಟೋಸ್ ಕುಗ್ಗಿದಾಗ ಹಳ್ಳಿಗರು 'ಡಿಗ್ರಿ' ಎನ್ನುವ ಲ್ಯಾಕ್ಟೋಮೀಟರ್ ಮಾಪನ ಇಳಿಯುತ್ತದೆ. ನೀರು ಬೆರೆಸದಿದ್ದರೂ ಡಿಗ್ರಿ ಪದೇ ಪದೇ ಕಡಿಮೆ ಬರುತ್ತಿದ್ದರೆ ಕೆಚ್ಚಲಿನ ಪರೀಕ್ಷೆ ಮಾಡಿಸುವುದು ಒಳಿತು.

ಚಿಕಿತ್ಸೆ ಮತ್ತು ಪ್ರತಿಜೀವಕಗಳ ವಿವೇಚನೆಯ ಬಳಕೆ

ಗೋಚರ ಬಾವು ಕಂಡ ಕೂಡಲೇ ಪಶುವೈದ್ಯರನ್ನು ಕರೆಯಬೇಕು. ಮೊದಲ ದಿನವೇ ಚಿಕಿತ್ಸೆ ದೊರೆತರೆ ಕೆಚ್ಚಲಿನ ಭಾಗ ಉಳಿಯುವ ಸಾಧ್ಯತೆ ಹೆಚ್ಚು. ವೈದ್ಯರು ಬರುವವರೆಗೆ ಬಾವಿರುವ ಮೊಲೆಯ ಹಾಲನ್ನು ಆಗಾಗ ಹಿಂಡಿ ತೆಗೆದು, ಕ್ರಿಮಿನಾಶಕ ಬೆರೆಸಿದ ಪಾತ್ರೆಗೆ ಹಾಕಿ, ದೂರದಲ್ಲಿ ಹೂಳಬೇಕು. ಸಾಧ್ಯವಾದಲ್ಲಿ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಪ್ರತಿಜೀವಕಕ್ಕೆ ಸೂಕ್ಷ್ಮಜೀವಿ ಮಣಿಯುತ್ತದೆ ಎಂಬುದನ್ನು ತಿಳಿದು ಔಷಧ ನೀಡುವುದು ಉತ್ತಮ ಪದ್ಧತಿ.

ಅಂಗಡಿಯಿಂದ ತಾವೇ ಔಷಧ ತಂದು ಮೊಲೆಗೆ ಏರಿಸುವುದು, ಊತ ಇಳಿದೊಡನೆ ಅರ್ಧದಲ್ಲಿ ನಿಲ್ಲಿಸುವುದು ಸೂಕ್ಷ್ಮಜೀವಿಗಳು ಪ್ರತಿರೋಧ ಬೆಳೆಸಿಕೊಳ್ಳಲು ಕಾರಣವಾಗುತ್ತವೆ. ಸ್ಟಾಫಿಲೋಕಾಕಸ್ ಆರಿಯಸ್ ಜೀವಕೋಶಗಳ ಒಳಗೆ ಅಡಗಿಕೊಳ್ಳುವ ಗುಣ ಹೊಂದಿರುವುದರಿಂದ ಅದರ ದೀರ್ಘಕಾಲಿಕ ಸೋಂಕು ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಚಿಕಿತ್ಸೆಯ ಅವಧಿಯಲ್ಲಿ ಮತ್ತು ಔಷಧದ ಪೊಟ್ಟಣದ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ನಾಲ್ಕೂ ಮೊಲೆಗಳ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು. ಔಷಧವು ರಕ್ತದ ಮೂಲಕ ಉಳಿದ ಮೊಲೆಗಳ ಹಾಲಿಗೂ ಸೇರಬಹುದು. ಪ್ರತಿಜೀವಕದ ಉಳಿಕೆ ಇರುವ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ. ಕಾಯಿಸುವುದರಿಂದ ಈ ಉಳಿಕೆ ಪೂರ್ತಿ ನಾಶವಾಗದು. ಸ್ಟಾಫಿಲೋಕಾಕಸ್ ಉತ್ಪಾದಿಸುವ ವಿಷವೂ ಕುದಿಸಿದರೆ ಸುಲಭವಾಗಿ ನಾಶವಾಗುವುದಿಲ್ಲ. ಆದ್ದರಿಂದ ಬಾವಿರುವ ಹಾಲನ್ನು ಕಾಯಿಸಿ ಕುಡಿಯಬಹುದೆಂಬ ನಂಬಿಕೆ ಸರಿಯಲ್ಲ.

ಸಾಂಪ್ರದಾಯಿಕ ಗಿಡಮೂಲಿಕೆ ವಿಧಾನ

ಪ್ರತಿಜೀವಕಗಳ ಬಳಕೆಯನ್ನು ತಗ್ಗಿಸುವ ಉದ್ದೇಶದಿಂದ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯು ಜನಪದ ಪಶುವೈದ್ಯದ ಕೆಲವು ಸೂತ್ರಗಳನ್ನು ಪ್ರಚಾರಪಡಿಸಿದೆ. ಕೆಚ್ಚಲು ಬಾವಿಗೆ ಸೂಚಿಸಲಾದ ಸೂತ್ರದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ ಮತ್ತು 15 ಗ್ರಾಂ ಸುಣ್ಣವನ್ನು ಅರೆದು ಕೆಂಪು ಬಣ್ಣದ ಲೇಪವನ್ನು ತಯಾರಿಸಲಾಗುತ್ತದೆ. ಬಾವಿರುವ ಹಾಲನ್ನು ಹಿಂಡಿ ತೆಗೆದು, ಕೆಚ್ಚಲು ತೊಳೆದ ನಂತರ, ಲೇಪದ ಒಂದು ಹಿಡಿಯನ್ನು ನೀರಿನಲ್ಲಿ ತೆಳುಮಾಡಿಕೊಂಡು ಇಡೀ ಕೆಚ್ಚಲಿಗೆ ದಿನಕ್ಕೆ ಹಲವು ಬಾರಿ ಹಚ್ಚಲಾಗುತ್ತದೆ. ಸಾಮಾನ್ಯವಾಗಿ ಇದನ್ನು ಐದು ದಿನ ಮುಂದುವರಿಸುತ್ತಾರೆ. ಪ್ರತಿದಿನ ಹೊಸದಾಗಿ ಲೇಪ ತಯಾರಿಸಬೇಕು. ಜ್ವರವಿದ್ದಾಗ, ಪ್ರಾಣಿ ಮೇವು ಬಿಟ್ಟಾಗ ಅಥವಾ ಹಾಲಿನಲ್ಲಿ ರಕ್ತ ಕಂಡಾಗ ಈ ಲೇಪವನ್ನೇ ನೆಚ್ಚಿ ಕುಳಿತರೆ ಅಪಾಯ. ಆಗ ವೈದ್ಯಕೀಯ ನೆರವು ಅನಿವಾರ್ಯ.

ಇತಿಹಾಸ

ಕೆಚ್ಚಲು ಬಾವು ಹೈನುಗಾರಿಕೆಯಷ್ಟೇ ಹಳೆಯದು. ಫ್ರಾನ್ಸಿನ ನೋಕಾರ್ ಮತ್ತು ಮೊಲ್ಲೆರೋ 1887ರಲ್ಲಿ ಹಸುಗಳ ಸಾಂಕ್ರಾಮಿಕ ಕೆಚ್ಚಲು ಬಾವಿಗೆ ಸ್ಟ್ರೆಪ್ಟೋಕಾಕಸ್ ಕಾರಣವೆಂಬುದನ್ನು ವಿವರಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದಾಗ ರೋಗ ಅಳಿದುಹೋಗುವುದೆಂಬ ನಿರೀಕ್ಷೆಯಿತ್ತು. ಔಷಧದಿಂದ ಗುಣವಾದ ಹಸುಗಳಿಗೆ ಅದೇ ಕೈ, ಅದೇ ಬಟ್ಟೆಗಳ ಮೂಲಕ ಮತ್ತೆ ಸೋಂಕು ತಗುಲತೊಡಗಿದಾಗ ಆ ನಿರೀಕ್ಷೆ ಹುಸಿಯಾಯಿತು.

1960ರ ದಶಕದಲ್ಲಿ ಇಂಗ್ಲೆಂಡಿನ ರೆಡಿಂಗ್ ಬಳಿಯ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ನೀವ್, ಡಾಡ್ ಮತ್ತು ಕಿಂಗ್‌ವಿಲ್ ಅವರ ತಂಡ ನಡೆಸಿದ ಪ್ರಯೋಗಗಳಿಂದ 'ಐದು ಅಂಶಗಳ ಯೋಜನೆ' ರೂಪುಗೊಂಡಿತು. ಹಾಲು ಕರೆದ ನಂತರ ಮೊಲೆತೊಟ್ಟು ಅದ್ದುವುದು, ಗೋಚರ ಬಾವಿಗೆ ತಕ್ಷಣ ಚಿಕಿತ್ಸೆ ನೀಡಿ ದಾಖಲಿಸುವುದು, ಹಾಲು ಬತ್ತಿಸುವಾಗ ಚಿಕಿತ್ಸೆ, ದೀರ್ಘಕಾಲಿಕ ರೋಗವಿರುವ ಪ್ರಾಣಿಗಳನ್ನು ಹಿಂಡಿನಿಂದ ತೆಗೆಯುವುದು ಮತ್ತು ಹಾಲು ಕರೆಯುವ ಯಂತ್ರದ ಸುಸ್ಥಿತಿ ಕಾಪಾಡುವುದು ಆ ಐದು ಅಂಶಗಳು. ಇಂದಿನ ನಿಯಂತ್ರಣ ಕಾರ್ಯಕ್ರಮಗಳೆಲ್ಲವೂ ಬಹುಮಟ್ಟಿಗೆ ಇದನ್ನೇ ಆಧರಿಸಿವೆ. ದೊಡ್ಡ ಹಿಂಡುಗಳಿಗಾಗಿ ರೂಪಿಸಿದ ಈ ಯೋಜನೆಯನ್ನು ಒಂದೆರಡು ಎಮ್ಮೆಗಳಿರುವ ಮನೆಗೆ ಅಳವಡಿಸುವಾಗ ಯಂತ್ರದ ಸ್ಥಾನದಲ್ಲಿ ಕೈಯ ಶುಚಿತ್ವ ಬರುತ್ತದೆ.

ಸಂಬಂಧಿಸಿದ ಸಂಸ್ಥೆಗಳು

ಕರ್ನಾಟಕದಲ್ಲಿ ಪಶುವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನೆಯ ಹೊಣೆಯನ್ನು ಬೀದರಿನಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹೊತ್ತಿದೆ. ರೋಗ ಪತ್ತೆ ಹಾಗೂ ಲಸಿಕೆ ತಯಾರಿಕೆಯ ಕೆಲಸವನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ನಡೆಸುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕೃಷಿ ವಿಜ್ಞಾನ ಕೇಂದ್ರವು ಗಂಗಾವತಿಯಲ್ಲಿದೆ. ಪಶುಪಾಲನಾ ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ಘಟಕಗಳನ್ನು 1962 ಸಂಖ್ಯೆಗೆ ಕರೆಮಾಡಿ ಸಂಪರ್ಕಿಸಬಹುದು.

ಇವನ್ನೂ ನೋಡಿ

ಹೈನುಗಾರಿಕೆ
ಎಮ್ಮೆ
ಕಾಲುಬಾಯಿ ರೋಗ
ಪ್ರತಿಜೀವಕ
ಕರ್ನಾಟಕ ಹಾಲು ಮಹಾಮಂಡಳ
ಕುಷ್ಟಗಿ